ಅಂಗಳಕ್ಕೆ ಹೋದ ಬೆಂಕಿ

ಕೊಯ್ವು ರಸ್ತೆ, ಉತ್ತರ ಮಿಷಿಗನ್
ಮೇ ೧೨, ೧೯೯೬

ಪ್ರೀತಿಯ ಈರೊ,

ಫೋನು ಮಾಡಬಹುದಿತ್ತು. ಆದರೆ ಫೋನು ಎತ್ತಿಕೊಂಡರೆ ನಾವಿಬ್ಬರೂ ಅರಿಜೋನದಲ್ಲಿ ಎಷ್ಟು ಬಿಸಿಲು, ಇಲ್ಲಿ ಎಷ್ಟು ಹಿಮ ಎಂದು ವಿಚಾರಿಸಿಕೊಂಡು ಇಟ್ಟುಬಿಡುತ್ತೇವೆ. ಇದು ಹಾಗೆ ಮುಗಿಯುವ ವಿಷಯವಲ್ಲ.

ಆರ್ವಿದನ ಎದೆ ಈ ಚಳಿಗಾಲದಲ್ಲಿ ತೀರ ಕೆಟ್ಟಿತು. ಗಣಿಯ ಧೂಳು ಒಳಗೆ ಕೂತಿದೆ ಎಂಬುದು ಹಳೆಯ ಮಾತು. ಈಗ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ: ಮನೆಯೊಳಗೆ ಸೌದೆಯ ಒಲೆ ಉರಿಯಕೂಡದು. ಹೊಗೆ, ಬೂದಿ, ತೊಗಟೆಯ ಪುಡಿ, ಯಾವುದೂ ಅವನ ಹತ್ತಿರ ಸುಳಿಯಕೂಡದು. ಹಾಗಾಗಿ ಮುಂದಿನ ಹಿಮ ಬೀಳುವುದರೊಳಗೆ ಒಂದೋ ಬೆಂಕಿ ಮನೆಯಿಂದ ಹೊರಗೆ ಹೋಗಬೇಕು, ಇಲ್ಲವೇ ನಾವು ಹೋಗಬೇಕು.

ಊರಿನಲ್ಲಿ ಆಸ್ಪತ್ರೆಯ ಹಿಂದೆ ವಯಸ್ಸಾದವರಿಗೆಂದು ಕಟ್ಟಿದ ಮನೆಗಳಿವೆ. ನೋಡಿಕೊಂಡು ಬಂದೆವು. ಚೊಕ್ಕಟವಾಗಿವೆ. ಕಿಟಕಿಯಾಚೆ ಕಾರುಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಆರ್ವಿದ್ ಮನೆಗೆ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿದ ಮೇಲೆ, "ಲಿಫ್ಟು ಚೆನ್ನಾಗಿದೆ ಕಣೆ. ಹೆಣ ಇಳಿಸೋಕೆ ಯಾರಿಗೂ ಕಷ್ಟ ಆಗಲ್ಲ" ಅಂದ. ಅಷ್ಟೇ.

ಎಣ್ಣೆಯಿಂದ ಮನೆ ಬಿಸಿ ಮಾಡಿಸೋಣ ಅಂದರೆ ಅದಕ್ಕೂ ಒಪ್ಪುವುದಿಲ್ಲ. "ಬೆನ್ನ ಹಿಂದೆ ಇಷ್ಟು ಮೇಪಲ್ ಕಾಡು ಇಟ್ಕೊಂಡು ಎಣ್ಣೆ ಲಾರಿ ಯಾವಾಗ ಬರತ್ತೆ ಅಂತ ದಾರಿ ಕಾಯ್ಲಾ?" ಎಂದು ಕೇಳುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ.

ಈಗ ಕೆಲವರು ಅಂಗಳದಲ್ಲಿ ಬಾಯ್ಲರ್ ಇಡಿಸುತ್ತಿದ್ದಾರೆ. ತಗಡಿನ ಪುಟ್ಟ ಮನೆಯಂಥದ್ದು. ಒಳಗೆ ಒಲೆ, ಒಲೆಯ ಸುತ್ತ ನೀರು. ಕಾದ ನೀರು ನೆಲದಡಿಯ ಪೈಪಿನಲ್ಲಿ ಮನೆಗೆ ಬಂದು, ಬಿಸಿ ಬಿಟ್ಟುಕೊಟ್ಟು ಹಿಂದಿರುಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊರಗೆ ಹೋಗಿ ಸೌದೆ ತುಂಬಿದರಾಯಿತು. ಮನೆಯೊಳಗೆ ಒಂದು ಚೂರು ಬೂದಿ ಬರುವುದಿಲ್ಲ. ಶಾಲೆಯಲ್ಲಿ ನಿನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಕ್ಲೈಡ್ ಟ್ರೆಂಬಾತ್ ಅದನ್ನು ಮಾರುತ್ತಾನೆ.

ಅಪ್ಪ ಈ ಮನೆಯನ್ನು ಇಬ್ಬರ ಹೆಸರಿಗೂ ಬರೆದರು. ಒಬ್ಬರು ಒಪ್ಪದೆ ಇನ್ನೊಬ್ಬರು ಒಂದು ಮೊಳೆಯನ್ನೂ ಕೀಳಬಾರದು ಎಂದು ನಮ್ಮಿಬ್ಬರ ಕೈ ಹಿಡಿದು ಹೇಳಿಸಿದರು. ಅದಕ್ಕೇ ಕೇಳುತ್ತಿದ್ದೇನೆ. ಹೂಂ ಅನ್ನು.

ಮಾರ್ಲೀನ್ ತೀರಿಕೊಂಡ ಮೇಲೆ ಒಬ್ಬನೇ ಹೇಗಿದ್ದೀ ಎಂದೂ ಕೇಳಬೇಕು. ಕೇಳಿದರೆ ನಿಂಬೆಗಿಡದ ಸಮಾಚಾರ ಹೇಳುತ್ತೀ.

ನಿನ್ನ ತೈಮಿ

*

ಟೂಸಾನ್, ಅರಿಜೋನ
ಮೇ ೨೬, ೧೯೯೬

ಅಕ್ಕಾ,

ಭಾವನ ಎದೆಯ ವಿಷಯ ಓದಿ ಬೇಜಾರಾಯಿತು. ಅವನಿಗೆ ಹೇಳು, ಇಲ್ಲಿಯ ಗಣಿಯಲ್ಲೂ ಅದೇ ಧೂಳು, ನಮ್ಮೂರಿನ ಗಣಿ ಮುಚ್ಚಿದ ಮೇಲೆ ಅದು ನನ್ನ ಹಿಂದೆಯೇ ರೈಲು ಹತ್ತಿ ಬಂದಿತ್ತು ಎಂದು.

ಆದರೆ ಅಂಗಳದ ಬಾಯ್ಲರ್ ಅಂದೆಯಲ್ಲ, ಅದನ್ನು ನಾನು ನೋಡಿದ್ದೇನೆ. ಮಾರ್ಲೀನಳ ತಮ್ಮನ ಮನೆಯಲ್ಲಿತ್ತು, ವಿಸ್ಕಾನ್ಸಿನ್‌ನಲ್ಲಿ. ಕಕ್ಕಸಿಗೆ ಚಿಮಣಿ ಇಟ್ಟ ಹಾಗಿರುತ್ತದೆ. ಅದರ ಬಾಗಿಲು ತೆಗೆದು ಒಳಗೆ ಯಾರಾದರೂ ಕೂತಿದ್ದಾರಾ ಎಂದು ನೋಡಬೇಕು ಅನ್ನಿಸುತ್ತದೆ. ನಮ್ಮ ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರು ಗೊತ್ತಲ್ಲ? "ಹೊರಗಿನ ಆಕಾಶಾನ ಬೆಚ್ಚಗೆ ಮಾಡ್ತೀರೇನ್ರೋ?"

ಕರೆಂಟು ಹೋದರೆ ಏನು ಮಾಡುತ್ತೀ? ಪಂಪು ನಿಂತರೆ ನೀರೂ ನಿಂತಿತು. ಅಡುಗೆಮನೆಯ ಒಲೆಗೆ ಕರೆಂಟು ಬೇಕಿರಲಿಲ್ಲ. ಅಮ್ಮ ನಮ್ಮ ಒದ್ದೆ ಕೈಗವಸುಗಳನ್ನು ಅದರ ಮೇಲಿನ ತಂತಿಗೆ ಸಾಲಾಗಿ ನೇತುಹಾಕುತ್ತಿದ್ದಳು. ಎಲ್ಲೆಲ್ಲೂ ಉಣ್ಣೆಯ ನಾತ, ಕಾಫಿಯ ನಾತ, ಅದರ ನಡುವೆ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಬೇಯುವ ಪರಿಮಳ. ನಾವು ಶಾಲೆಯಿಂದ ಬಂದು ಒಲೆಯ ಬಾಗಿಲು ತೆಗೆದು ಪಾದಗಳನ್ನು ಒಳಗೆ ಚಾಚಿ ಕೂರುತ್ತಿದ್ದೆವು. ನಿನ್ನ ಕಾಲುಚೀಲ ಸುಟ್ಟಿದ್ದು ನೆನಪಿದೆಯಾ? ನಾನು ಸುಟ್ಟೆ ಎಂದು ಹೇಳಿ ಅಮ್ಮನ ಕೈಯಲ್ಲಿ ನನಗೆ ಏಟು ಕೊಡಿಸಿದೆ. ಪೈಪಿನಲ್ಲಿ ಬರುವ ಬಿಸಿಗೆ ಯಾರು ಪಾದ ಚಾಚುತ್ತಾರೆ?

ಎಣ್ಣೆಯದನ್ನೇ ಹಾಕಿಸಿ. ಭಾವನ ಹಠಕ್ಕೆ ತಾಳ ಹಾಕಬೇಡ.

ನಿಂಬೆಗಿಡದ ಸಮಾಚಾರ ಕೇಳಿದೆಯಲ್ಲ, ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿದೆ. ಬೆಳಿಗ್ಗೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತೇನೆ. ಇಲ್ಲಿ ಯಾರಿಗೂ ಮನೆ ಬಿಸಿ ಮಾಡುವ ಚಿಂತೆಯಿಲ್ಲ.

ಈರೊ

*

ಕೊಯ್ವು ರಸ್ತೆ
ಜೂನ್ ೧೬, ೧೯೯೬

ಪ್ರೀತಿಯ ಈರೊ,

ನಿನ್ನ ಲಕೋಟೆಯ ಮೂಲೆಯಲ್ಲಿ ವಿಳಾಸ ಬೇರೆಯಿತ್ತು. ಬೀದಿಯ ಹೆಸರೂ ಬೇರೆ, ಕೊನೆಯಲ್ಲಿ ಒಂದು ಕೋಣೆಯ ನಂಬರು. ಆ ವಿಳಾಸಕ್ಕೇ ಬರೆಯುತ್ತಿದ್ದೇನೆ. ತಲುಪಿದರೆ ತಿಳಿಸು.

ನೀನು ಹೂಂ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಕಾಲುಚೀಲ ಸುಟ್ಟವನು ನೀನೇ.

ನಿನ್ನ ಕಾಗದ ಬಂದ ಮೇಲೆ ಕ್ಲೈಡನ ಅಂಗಡಿಗೆ ಹೋಗಿ ನೋಡಿ ಬಂದೆವು. ಅವನ ಅಂಗಳದಲ್ಲಿ ಚಿಕ್ಕದು, ಮಧ್ಯದ್ದು, ದೊಡ್ಡದು ಎಂದು ಮೂರು ಬಾಯ್ಲರುಗಳು ಒಂದೇ ಮನೆಯ ಮಕ್ಕಳಂತೆ ನಿಂತಿದ್ದವು. ಬಾಗಿಲು ತೆಗೆದು ತಲೆ ಹಾಕಿ ನೋಡಿದೆ. ಕತ್ತಲು, ಕಬ್ಬಿಣದ ವಾಸನೆ. ಯಾರೂ ಕೂತಿರಲಿಲ್ಲ ಎಂದು ನಿನಗೆ ತಿಳಿಸುವಂತೆ ಆರ್ವಿದ್ ಹೇಳಿದ್ದಾನೆ.

ಕ್ಲೈಡ್ ಚಿಕ್ಕದರ ತಲೆ ತಟ್ಟಿ, "ನಿಮ್ಮಿಬ್ಬರಿಗೆ ಇದು ಬೇಕಾದಷ್ಟಾಯ್ತು ತೈಮಿ. ಎಲ್ಲರೂ ದೊಡ್ಡದಕ್ಕೇ ಆಸೆ ಪಡ್ತಾರೆ. ಅದು ಚೆನ್ನಾಗಿ ಉರಿಯೋಷ್ಟು ಕೆಲಸಾನೇ ಇರಲ್ಲ, ಸುಮ್ನೆ ಗುಮುಗುಮು ಅಂತ ಹೊಗೆ ಬಿಡ್ತಾ ಕೂತಿರತ್ತೆ. ಆಮೇಲೆ ಬಂದು ನನ್ನ ಬೈತಾರೆ" ಅಂದ.

ನಾನು ಮಧ್ಯದ್ದು ಬೇಕು ಅಂದೆ.

"ನಿನ್ನ ಮನೆ ಅಳತೆ ನನ್ನ ಹತ್ರ ಇದೆ ಮಾರಾಯ್ತಿ. ಚಿಕ್ಕದೇ ಸರಿ."

"ನಿನ್ನ ಅಳತೆ ಸರಿ ಇದೆ ಕ್ಲೈಡ್. ನನ್ನ ಮನೆ ನಿನಗೆ ಪೂರ್ತಿ ಗೊತ್ತಿಲ್ಲ."

ಅವನು ಆರ್ವಿದನ ಮುಖ ನೋಡಿದ. ಆರ್ವಿದ್ ಒಂದು ಕಡೆ ಕೂತು ಉಸಿರು ಹಿಡಿದುಕೊಳ್ಳುತ್ತಿದ್ದ. "ನನ್ನ ಯಾಕೆ ನೋಡ್ತೀಯ? ಇವಳ ಹತ್ರ ಮಾತಾಡಿ ಗೆದ್ದವನು ನಾನಾಗಿದ್ರೆ ಈ ಮೂತಿ ಹೊತ್ಕೊಂಡು ಕೂತಿರ್ತಿದ್ನಾ? ಮಧ್ಯದ್ದು ಅಂತ ಬರ್ಕೋ" ಅಂದ. ಹಿಂದಿರುಗುವಾಗ ಯಾಕೆ ಎಂದು ಕೇಳಿದ. ಹೇಳಿದೆ. ಆಗಲಿ ಅಂದ. ಅದು ನಮ್ಮಿಬ್ಬರ ಮಾತು, ನಿನಗೆ ಬೇಡ.

ಜಾಗವನ್ನೂ ನೋಡಿದ್ದೇವೆ. ಗಾಳಿ ಸರೋವರದ ಕಡೆಯಿಂದ ಬೀಸುವುದರಿಂದ ಬಾಯ್ಲರ್ ಮನೆಯ ಪೂರ್ವಕ್ಕಿರಬೇಕು. ಆಗ ಹೊಗೆ ನಮ್ಮ ಕಿಟಕಿಗೂ ಬರುವುದಿಲ್ಲ, ಪಕ್ಕದ ಮನೆಯ ಕೆರ್ತುವಿನ ಬಟ್ಟೆ ಹಗ್ಗಕ್ಕೂ ಹೋಗುವುದಿಲ್ಲ. ಅಂದರೆ ಅಜ್ಜನ ಹಬೆಸ್ನಾನದ ಮನೆ, ಸೌನಾದ ಪಕ್ಕ.

ಕರೆಂಟು ಹೋದರೆ ಆರ್ವಿದನ ಸೋದರಸಂಬಂಧಿ ವರ್ನನ್‌ನ ಜನರೇಟರ್ ಇದೆ. ಅಡುಗೆಮನೆಯ ಒಲೆಯನ್ನು ಯಾರೂ ಕೀಳುವುದಿಲ್ಲ. ಅದು ಅಲ್ಲೇ ತಣ್ಣಗೆ ಇರುತ್ತದೆ.

ಆಗಸ್ಟ್ ಕೊನೆಯವರೆಗೆ ಇಟ್ಟಿರುತ್ತೇನೆ ಎಂದಿದ್ದಾನೆ ಕ್ಲೈಡ್. ನೀನು ಹೂಂ ಅನ್ನುವವರೆಗೆ ನಾನು ನೆಲಕ್ಕೆ ಸಲಿಕೆ ಹಾಕಿಸುವುದಿಲ್ಲ.

ತೈಮಿ

*

ಟೂಸಾನ್
ಜೂನ್ ೨೭, ೧೯೯೬

ಅಕ್ಕಾ,

ಸೌನಾದ ಪಕ್ಕ!

ಇದು ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತು. ಮೊದಲು ಪಕ್ಕ. ಆಮೇಲೆ ಸೌದೆ ಒಟ್ಟಲು ಜಾಗ ಸಾಲದು. ಆಮೇಲೆ ಯಾರೋ ಬಂದು, ಹಳೆಯ ಮರ, ಕಿಡಿ ಬಿದ್ದರೆ ಅಪಾಯ ಅನ್ನುತ್ತಾರೆ. ಒಂದು ಬೆಳಿಗ್ಗೆ ವರ್ನನ್ ಟ್ರ್ಯಾಕ್ಟರ್ ತರುತ್ತಾನೆ. ಇಬ್ಬರೇ ಇರುವ ಮನೆಗೆ ಮಧ್ಯದ ಬಾಯ್ಲರ್ ಯಾಕೆ ಎಂದು ನನಗೆ ಅರ್ಥವಾಗಿರಲಿಲ್ಲ, ಈಗಲೂ ಆಗಿಲ್ಲ. ಕಬ್ಬಿಣದ ಮೇಲೆ ನಿನಗೇಕೆ ಇಷ್ಟು ಆಸೆ?

ಅಜ್ಜ ಈ ನೆಲಕ್ಕೆ ಬಂದು ಮೊದಲು ಕಟ್ಟಿದ್ದು ಮನೆಯನ್ನಲ್ಲ, ಸೌನಾವನ್ನು. ಒಂದು ಚಳಿಗಾಲ ಅವರು ಅದರೊಳಗೇ ಬದುಕಿದರು. ಅಮ್ಮ ನಮ್ಮಿಬ್ಬರನ್ನೂ ಹೆತ್ತದ್ದು ಅಲ್ಲಿ. ಅಪ್ಪನನ್ನು ಕೊನೆಯ ಸಲ ತೊಳೆದದ್ದು ಅಲ್ಲಿ. ನೀರು ಹೊತ್ತು ತಂದವನು ನಾನು. ಮಾರ್ಲೀನಳನ್ನು ಕರೆದುಕೊಂಡು ಬಂದಾಗ ಆ ಕಾದ ಕಲ್ಲುಗಳ ಮೇಲೆ ನೀರು ಚೆಲ್ಲಿ ಹಬೆ ಎದ್ದದ್ದಕ್ಕೆ ಅವಳು ಹೆದರಿ ಕೂಗಿ ಹೊರಗೆ ಓಡಿದಳು. ನೀನು ನಕ್ಕು ನಕ್ಕು ಮರದ ಬೆಂಚಿನಿಂದ ಕೆಳಗೆ ಬಿದ್ದೆ.

ನಾನು ಒಪ್ಪುವುದಿಲ್ಲ. ಇದನ್ನು ಬೇಡ ಎಂದೇ ತಿಳಿದುಕೋ.

ವಿಳಾಸದ್ದೇನೂ ಇಲ್ಲ. ನಗರಸಭೆಯವರು ಬೀದಿಗಳಿಗೆ ಹೊಸ ಹೆಸರು, ಹೊಸ ನಂಬರು ಕೊಟ್ಟಿದ್ದಾರೆ.

ಈರೊ

*

ಕೊಯ್ವು ರಸ್ತೆ
ಆಗಸ್ಟ್ ೨೦, ೧೯೯೬

ಈರೊ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಹರಿದು ಹಾಕಿದೆ. ಒಮ್ಮೆಯಲ್ಲ.

ಆರ್ವಿದ್ ಜುಲೈಯಲ್ಲಿ ಆಸ್ಪತ್ರೆಯಲ್ಲಿದ್ದ. ಬೇಸಿಗೆಯಲ್ಲೇ ಹೀಗಾದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ಬಿಟ್ಟರು. ಈಗ ಮನೆಯಲ್ಲಿದ್ದಾನೆ, ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕಾಡಿನ ಕಡೆ ನೋಡುತ್ತ ಕೂರುತ್ತಾನೆ. ಎರಡು ವರ್ಷದ ಹಿಂದೆ ತಾನೇ ಕಡಿದು ಒಣಗಿಸಿದ ಮೇಪಲ್ ಅಲ್ಲಿ ಒಟ್ಟಿದೆ. ಅದನ್ನು ಉರಿಸುವ ಮನೆಯಲ್ಲಿ ತಾನು ಇರುತ್ತೇನೋ ಇಲ್ಲವೋ ಎಂದು ಅವನು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಆಸ್ಪತ್ರೆಯ ಹಿಂದಿನ ಮನೆಗಳವರು ಒಂದು ಖಾಲಿಯಿದೆ, ಸೆಪ್ಟೆಂಬರಿನೊಳಗೆ ತಿಳಿಸಿ ಎಂದಿದ್ದಾರೆ.

ಸೌನಾವನ್ನು ನಾನು ಮುಟ್ಟುವುದಿಲ್ಲ. ಅದರ ಒಂದು ತೊಲೆಗೂ ಏನೂ ಆಗುವುದಿಲ್ಲ. ಮುಟ್ಟುತ್ತೇನೆ ಎಂದು ನೀನು ನಂಬಿದೆಯಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಪ್ರತಿ ಶನಿವಾರ ಅದರ ಒಲೆ ಹಚ್ಚುವವಳು ನಾನು. ಆರ್ವಿದನ ಎದೆ ಈಗ ಹಬೆಯನ್ನು ತಡೆಯುವುದಿಲ್ಲವಾದ್ದರಿಂದ ಒಬ್ಬಳೇ ಕೂತು, ಒಬ್ಬಳೇ ಕಲ್ಲಿಗೆ ನೀರು ಹಾಕಿ, ಒಬ್ಬಳೇ ಮುಂದಿನ ಕೋಣೆಯಲ್ಲಿ ತಲೆ ಒರೆಸಿಕೊಳ್ಳುತ್ತೇನೆ. ಅಪ್ಪನ ಮೇಲೆ ಮುನಿಸಾದಾಗಲೆಲ್ಲ ನೀನು ಹೋಗಿ ಮಲಗುತ್ತಿದ್ದೆಯಲ್ಲ, ಆ ಕೋಣೆಯಲ್ಲಿ. ಕಿಟಕಿಯ ಕಟ್ಟೆಯ ಮೇಲೆ ನೀನು ಚಾಕುವಿನಿಂದ ಕೊರೆದ ದೋಣಿ ಹಾಗೇ ಇದೆ.

ಮಧ್ಯದ ಬಾಯ್ಲರ್ ಯಾಕೆ ಎಂದು ಕೇಳಬೇಡ.

ನನ್ನ ಕೈಯಲ್ಲಿ ಸಮಯ ಇರುವುದು ಈ ತಿಂಗಳ ಕೊನೆಯವರೆಗೆ. ಹೂಂ ಅನ್ನು, ಇಲ್ಲವೇ ಆ ಲಿಫ್ಟಿನ ಮನೆಗೆ ಪೆಟ್ಟಿಗೆ ಕಟ್ಟಲು ಬಾ.

ತೈಮಿ

*

ಟೂಸಾನ್
ಆಗಸ್ಟ್ ೨೬, ೧೯೯೬

ಅಕ್ಕಾ,

ಅಗೆಸು.

ಪೈಪು ಮಾತ್ರ ಒಳ್ಳೆಯದೇ ತರಿಸು. ಬಿಸಿ ಹೊರಗೆ ಹೋಗದಂತೆ ದಪ್ಪಗೆ ಹೊದಿಸಿಯೇ ಕಂಪನಿಯವರು ಮಾರುವ ಪೈಪು ಸಿಗುತ್ತದೆ, ಕ್ಲೈಡನಿಗೆ ಗೊತ್ತಿರುತ್ತದೆ. ವರ್ನನ್‌ನನ್ನು ಅದರ ಹತ್ತಿರ ಬಿಡಬೇಡ. ಕೊಟ್ಟಿಗೆಯಲ್ಲಿ ಬಿದ್ದಿರುವುದರಿಂದ ಎಲ್ಲವನ್ನೂ ಮಾಡಬಹುದು ಎಂದು ನಂಬಿದವನು ಅವನು.

ಭಾವನಿಗೆ ಹೇಳು, ಆ ಮೇಪಲ್ ಅವನೇ ಉರಿಸಲಿ.

ಆ ದೋಣಿಗೆ ಒಂದು ಹಾಯಿಯೂ ಇತ್ತು. ಹೋಗಿ ನೋಡು.

ಈರೊ

*

ಕೊಯ್ವು ರಸ್ತೆ
ಅಕ್ಟೋಬರ್ ೧೩, ೧೯೯೬

ಪ್ರೀತಿಯ ಈರೊ,

ಹಾಯಿ ಇದೆ. ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿತ್ತು, ಉಗುರಿನಿಂದ ಕೆರೆದೆ.

ಬಾಯ್ಲರ್ ಬಂದು ಕೂತಿತು. ಪೈಪಿನ ವಿಷಯದಲ್ಲಿ ನೀನು ಹೇಳಿದ್ದನ್ನು ಅಕ್ಷರಶಃ ಪಾಲಿಸಬೇಕೆಂದೇ ಇದ್ದೆ. ಆದರೆ ಕ್ಲೈಡನ ಅಂಗಡಿಯಲ್ಲಿ ಆ ಪೈಪಿನ ಸುರುಳಿ ನೋಡಿದ್ದೇ ತಡ, ವರ್ನನ್‌ಗೆ ತಲೆಕೆಟ್ಟಿತು. "ಇದಕ್ಕೆ ದುಡ್ಡು ಕೊಡ್ತಾರಾ? ಮಾಮೂಲಿ ಪೈಪಿಗೆ ಎರಡು ಸುತ್ತು ಸ್ಪಂಜು ಸುತ್ತಿ ಚರಂಡಿ ಕೊಳವೆಯೊಳಗೆ ತೂರಿಸಿದ್ರೆ ಆಯ್ತಪ್ಪ. ನನ್ನ ಕೊಟ್ಟಿಗೆಯಲ್ಲಿ ಎಲ್ಲಾ ಇದೆ!" ಅಂದ. ನಮ್ಮ ಗಂಡಸರ ಮುಂದೆ ಯಾರಾದರೂ ಕೊಟ್ಟಿಗೆಯಲ್ಲಿ ಎಲ್ಲಾ ಇದೆ ಅಂದರೆ ಮುಗಿಯಿತು. ಆರ್ವಿದನ ಮುಖ ತಿಂಗಳುಗಳ ನಂತರ ಅರಳಿತು. ಕುರ್ಚಿಯಲ್ಲಿ ಕೂತೇ ಸ್ಪಂಜು ಕತ್ತರಿಸಿ ಕೊಟ್ಟ. ನಾನು ಬೇಡ ಎನ್ನಲಾಗಲಿಲ್ಲ. ಕ್ಲೈಡ್ ಬಂದು ನೋಡಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, "ನಾನೇನೂ ನೋಡ್ಲಿಲ್ಲ" ಎಂದು ಹೊರಟುಹೋದ.

ಬೆಂಕಿ ಹಚ್ಚಿದ್ದನ್ನು ಹೇಳಬೇಕು. ವರ್ನನ್ ಕಡ್ಡಿಪೆಟ್ಟಿಗೆ ತೆಗೆದ. ಆರ್ವಿದ್ ಕಿಟಕಿ ಬಡಿದು ಬೇಡ ಎಂದು ಕೈ ಆಡಿಸಿದ. ಒಳಗೆ ಹೋದೆ. "ಹೊಸದಾಗಿ ಯಾಕೆ ಹಚ್ತೀರ? ಒಲೆಯಲ್ಲಿ ಇನ್ನೂ ಇದೆಯಲ್ಲ" ಅಂದ. ಅಡುಗೆಮನೆಯ ಒಲೆಯಲ್ಲಿ ಬೆಳಗಿನ ಕೆಂಡ ಇತ್ತು, ಕೊನೆಯ ದಿನದ್ದು. ಅಮ್ಮನ ಬೂದಿ ಬಕೆಟ್ಟಿಗೆ ಅದನ್ನು ತೋಡಿಕೊಂಡು, ಮುಚ್ಚಳ ಮುಚ್ಚಿ, ಅಂಗಳ ದಾಟಿಸಿದೆ. ಮಂಜು ಬಿದ್ದ ಹುಲ್ಲು ಕಾಲಡಿಯಲ್ಲಿ ಮುರಿಯುತ್ತಿತ್ತು. ಬಕೆಟ್ಟಿನ ಶಾಖ ಮೊಣಕಾಲಿಗೆ ತಾಗುತ್ತಿತ್ತು. ಮಲಗಿದ ಮಗುವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಎಬ್ಬಿಸದೆ ಒಯ್ಯುವವಳ ಹಾಗೆ ಹೆಜ್ಜೆ ಹಾಕಿದೆ. ಬಾಯ್ಲರಿನ ಹೊಟ್ಟೆಗೆ ಸುರಿದು, ಬರ್ಚ್ ತೊಗಟೆ ಇಟ್ಟು ಊದಿದೆ. ಹತ್ತಿಕೊಂಡಿತು. ಹಿಂದಿರುಗಿ ನೋಡಿದರೆ ಆರ್ವಿದ್ ಕಿಟಕಿಯ ಗಾಜಿಗೆ ಹಣೆ ಒತ್ತಿ ನಿಂತಿದ್ದ.

ಈಗ ಮನೆ ಬೆಚ್ಚಗಿದೆ, ಎಲ್ಲ ಕೋಣೆಗಳೂ ಒಂದೇ ಸಮ. ಮೇಲಿನ ಕೋಣೆಯಲ್ಲಿ ಲೋಟದ ನೀರು ಹೆಪ್ಪುಗಟ್ಟುವುದಿಲ್ಲ. ಆರ್ವಿದ್ ರಾತ್ರಿ ಕೆಮ್ಮದೆ ನಿದ್ದೆ ಮಾಡುತ್ತಾನೆ. ಇದಕ್ಕಿಂತ ಹೆಚ್ಚಿನದೇನು ಬೇಕು? ಆದರೂ ಮನೆ ಮೌನವಾಗಿಬಿಟ್ಟಿದೆ. ಸೌದೆ ಸಿಡಿಯುವ ಸದ್ದು, ಒಲೆಯ ಬಾಗಿಲಿನ ಕಿರುಗುಟ್ಟು, ಕೆಟಲಿನ ಗೊಣಗು, ಇವೆಲ್ಲ ಮನೆಯ ಮಾತು ಎಂದು ನನಗೆ ಗೊತ್ತಿರಲಿಲ್ಲ. ಬೆಕ್ಕು ತಣ್ಣಗಿನ ಒಲೆಯ ಮುಂದೆ ಹೋಗಿ ಕೂತು, ನನ್ನ ಕಡೆ ನೋಡುತ್ತದೆ. ಬಿಸಿ ಎಲ್ಲಿಂದ ಬರುತ್ತಿದೆ ಎಂದು ಅದಕ್ಕೂ ಗೊತ್ತಾಗುತ್ತಿಲ್ಲ.

ತೈಮಿ

*

ಟೂಸಾನ್
ನವೆಂಬರ್ ೧೦, ೧೯೯೬

ಅಕ್ಕಾ,

ಬಕೆಟ್ಟಿನಲ್ಲಿ ಕೆಂಡ ಒಯ್ದದ್ದನ್ನು ಓದಿ ಕಾಗದ ಮಡಿಸಿಟ್ಟೆ. ಮತ್ತೆ ತೆಗೆದು ಓದಿದೆ. ಆ ಬಕೆಟ್ಟಿನ ಹಿಡಿ ಒಂದು ಕಡೆ ಸಡಿಲವಾಗಿತ್ತು. ಈಗಲೂ ಹಾಗೇ ಇದೆಯಾ?

ವರ್ನನ್ ವಿಷಯ ನಾನು ಹೇಳಿದ್ದೆ. ನಿಮಗೆ ಬುದ್ಧಿ ಬರುವುದಿಲ್ಲ.

ನಿಸು ಎಲ್ಲಿ ಬೇಯಿಸುತ್ತೀ ಈಗ? ಕರೆಂಟಿನ ಓವನ್ನಿನಲ್ಲಿ ಮೇಲ್ಭಾಗ ಸರಿಯಾಗಿ ಕೆಂಪಗಾಗುವುದಿಲ್ಲ. ಇಲ್ಲಿಯ ಅಂಗಡಿಯೊಂದರಲ್ಲಿ ಏಲಕ್ಕಿ ಸಿಕ್ಕಿತು. ಸುಮ್ಮನೆ ಒಂದು ಪೊಟ್ಟಣ ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಗೋಡೆಯಾಚೆಯವನು ಟಿವಿಯನ್ನು ಜೋರಾಗಿ ಹಾಕಿದಾಗ ಅದನ್ನು ಬಿಚ್ಚಿ ಮೂಸುತ್ತೇನೆ. ನಗಬೇಡ.

ಹಿಮ ಬಿದ್ದ ಮೇಲೆ ಒಂದು ಫೋಟೋ ಕಳಿಸು. ಆ ಕಕ್ಕಸು ಎಲ್ಲಿ ಕೂತಿದೆ ಎಂದು ನೋಡಬೇಕು. ಸೌನಾವೂ ಕಾಣುವ ಹಾಗೆ ತೆಗೆಸು.

ನಿಂಬೆಗಿಡ ಚೆನ್ನಾಗಿದೆ.

ಈರೊ

*

ಕೊಯ್ವು ರಸ್ತೆ
ಡಿಸೆಂಬರ್ ೧೫, ೧೯೯೬

ಪ್ರೀತಿಯ ಈರೊ,

ಫೋಟೋ ಇಟ್ಟಿದ್ದೇನೆ. ಕೆರ್ತು ನಮ್ಮ ಮಹಡಿಯ ಕಿಟಕಿಯಿಂದ ಬಗ್ಗಿ ತೆಗೆದಳು. "ನಿಮ್ಮ ಹೊಗೆ ನನ್ನ ಬಟ್ಟೆಗೆ ಬಂದಿದ್ರೆ ಈ ಫೋಟೋ ಪೊಲೀಸ್‌ಗೆ ಕೊಡ್ತಿದ್ದೆ" ಅಂದಳು. ಬರಲಿಲ್ಲವಲ್ಲ ಎಂದು ಅವಳಿಗೆ ಸ್ವಲ್ಪ ನಿರಾಸೆ.

ವರ್ನನ್‌ನ ಸ್ಪಂಜಿನ ಪ್ರತಾಪ ಚಿತ್ರದಲ್ಲೇ ಕಾಣುತ್ತದೆ. ಪೈಪಿನ ಬಿಸಿ ನೆಲದೊಳಗೇ ಸೋರಿ, ಅದು ಹೋದ ದಾರಿಯುದ್ದಕ್ಕೂ ಹಿಮ ನಿಲ್ಲುವುದಿಲ್ಲ. ಎಷ್ಟು ಬಿದ್ದರೂ ಕರಗಿ ಒಂದು ಕಪ್ಪು ಗೆರೆ ಬಿಡುತ್ತದೆ. ಊರಿನವರೆಲ್ಲ ಬಂದು ನೋಡಿ ನಕ್ಕು ಕಾಫಿ ಕುಡಿದು ಹೋಗುತ್ತಾರೆ. ಕ್ಲೈಡ್ ಅಂಗಡಿಗೆ ಬಂದವರಿಗೆಲ್ಲ, "ಹೊದಿಕೆಯಿಲ್ಲದ ಪೈಪು ಹಾಕಿದ್ರೆ ಏನಾಗತ್ತೆ ಅಂತ ನೋಡ್ಬೇಕಾ? ಕೊಯ್ವು ರಸ್ತೆಗೆ ಹೋಗಿ" ಅನ್ನುತ್ತಾನಂತೆ. ವರ್ನನ್ ಮಾತ್ರ, "ಬೇರೆಯವರು ಪೈಪು ಎಲ್ಲಿದೆ ಅಂತ ಅಗೆದು ಹುಡುಕ್ಬೇಕು, ನಿಮಗೆ ನೋಡಿದ್ರೇ ಗೊತ್ತಾಗತ್ತೆ" ಎಂದು ಎದೆ ಸೆಟೆಸುತ್ತಾನೆ.

ಆರ್ವಿದ್ ಈಗ ಬಾಯ್ಲರಿನವರೆಗೆ ನಡೆಯುತ್ತಾನೆ. ಸೌದೆ ಹಾಕಲು ಬಿಡುವುದಿಲ್ಲ ನಾನು. ದೂರ ನಿಂತು, "ಆ ಕೊರಡು ತಿರುಗಿಸಿ ಹಾಕು, ಗಂಟು ಹಿಂದಕ್ಕೆ ಬರಲಿ" ಎಂದು ಹುಕುಂ ಕೊಡುತ್ತಾನೆ. ಬದುಕಿದ್ದಾನೆ.

ಬಕೆಟ್ಟಿನ ಹಿಡಿ ಹಾಗೇ ಇದೆ.

ಕ್ರಿಸ್ಮಸ್‌ಗೆ ಅಮ್ಮ ಮಾಡುತ್ತಿದ್ದ ಅಕ್ಕಿಯ ಗಂಜಿ ಮಾಡುತ್ತೇನೆ. ಒಳಗೊಂದು ಅದೃಷ್ಟದ ಬಾದಾಮಿ ಹಾಕಿ ಕಲಕಿ ಬಡಿಸಿದರೆ ಇಬ್ಬರಲ್ಲಿ ಒಬ್ಬರಿಗೆ ಸಿಕ್ಕೇ ಸಿಗುತ್ತದೆ. ಇಬ್ಬರೇ ಇದ್ದರೆ ಅದರಲ್ಲಿ ಆಟವಿಲ್ಲ.

ತೈಮಿ

*

ಟೂಸಾನ್
ಜನವರಿ ೫, ೧೯೯೭

ಅಕ್ಕಾ,

ಫೋಟೋವನ್ನು ಕಿಟಕಿಗೆ ಹಿಡಿದು ನೋಡಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ.

ನೀನು ಒಂದು ಗೆರೆ ಎಂದು ಬರೆದಿದ್ದೀ. ಎರಡು ಇವೆ.

ಒಂದು ಬಾಯ್ಲರಿನಿಂದ ಅಡುಗೆಮನೆಯ ಗೋಡೆಗೆ ಬರುತ್ತದೆ. ಇನ್ನೊಂದು ಅಲ್ಲಿಂದಲೇ ಹೊರಟು, ಸೌದೆಯ ರಾಶಿಯನ್ನು ಬಳಸಿಕೊಂಡು, ಸೌನಾದ ಮುಂದಿನ ಕೋಣೆಯ ಗೋಡೆಯಡಿ ಹೋಗಿ ನಿಲ್ಲುತ್ತದೆ. ದೋಣಿ ಇರುವ ಕಿಟಕಿಯ ಕೆಳಗೆ.

ಸೌನಾಗೆ ಬಾಯ್ಲರಿನ ನೀರು ಬೇಡ. ಆ ಕಲ್ಲುಗಳಿಗೆ ಅವುಗಳದೇ ಬೆಂಕಿ ಬೇಕು. ಶನಿವಾರಕ್ಕೊಮ್ಮೆ ತಲೆ ಒರೆಸಿಕೊಳ್ಳುವ ಕೋಣೆಗೆ ಚಳಿಗಾಲವಿಡೀ ಬಿಸಿನೀರು ಹರಿಸುವಷ್ಟು ದಡ್ಡಿ ನೀನಲ್ಲ. ಹರಿಸುತ್ತಿದ್ದೀ.

ಕ್ಲೈಡನಿಗೆ ನೀನು ಹೇಳಿದ ಮಾತನ್ನು ಹುಡುಕಿ ಓದಿದೆ. ನನ್ನ ಮನೆ ನಿನಗೆ ಪೂರ್ತಿ ಗೊತ್ತಿಲ್ಲ ಅಂದೆ. ಜೂನ್‌ನಲ್ಲಿ! ಆಗ ನಾನು ಕಬ್ಬಿಣದ ಮೇಲೆ ಆಸೆ ಎಂದು ಬರೆದೆ. ಸೌನಾ ಕೆಡವುತ್ತೀ ಎಂದು ಬರೆದೆ. ನೀನು ಏನೂ ಹೇಳದೆ ಅಗೆಸಿದೆ.

ನಿಂಬೆಗಿಡವನ್ನು ಹೊಸಬರು ಚೆನ್ನಾಗಿಯೇ ನೋಡಿಕೊಳ್ಳುತ್ತಿರಬೇಕು. ಅವರಿಗೆ ಚಿಕ್ಕ ಮಕ್ಕಳಿದ್ದಾರೆ. ಮನೆ ಮಾರಿ ಒಂದು ವರ್ಷವಾಯಿತು, ಆ ಕಡೆ ಹೋಗಿಲ್ಲ. ಮಾರ್ಲೀನ್ ಇಲ್ಲದ ಮನೆಯಲ್ಲಿ ಎಲ್ಲ ಕೋಣೆಗಳಿಗೂ ದೀಪ ಹಾಕಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

ನಾನು ಬರುತ್ತೇನೆ ಎಂದು ಯಾವತ್ತೂ ಹೇಳಿರಲಿಲ್ಲ ಅಕ್ಕಾ. ಬಾ ಎಂದು ನೀನೂ ಹೇಳಿಲ್ಲ. ಒಂದು ವೇಳೆ ನಾನು ಫೋಟೋ ಕೇಳದೇ ಇದ್ದಿದ್ದರೆ?

ಈರೊ

*

ಕೊಯ್ವು ರಸ್ತೆ
ಜನವರಿ ೧೪, ೧೯೯೭

ಪ್ರೀತಿಯ ಈರೊ,

ಕೇಳದೇ ಇದ್ದಿದ್ದರೆ ಕೋಣೆ ಬೆಚ್ಚಗೆ ಇರುತ್ತಿತ್ತು. ಅಷ್ಟೇ.

ಬರುವಾಗ ದಪ್ಪ ಕೈಗವಸು ತಾ. ಅಲ್ಲಿ ಸಿಗದಿದ್ದರೆ ಅಪ್ಪನವು ಇವೆ. ಏಲಕ್ಕಿಯ ಪೊಟ್ಟಣ ಮರೆಯಬೇಡ. ಬೆಳಗಿನ ಸೌದೆ ನನ್ನದು, ಸಂಜೆಯದು ನಿನ್ನದು. ಗಂಟು ಹಿಂದಕ್ಕೆ ಬರುವ ಹಾಗೆ ಹಾಕುವುದನ್ನು ಭಾವ ಕಲಿಸುತ್ತಾನೆ. ಕಲಿತ ಮೇಲೂ ಕಲಿಸುತ್ತಾನೆ. ನೀನು ಬರುವ ಸುದ್ದಿ ಹೇಳಿದ್ದಕ್ಕೆ, "ಸದ್ಯ, ಬೈಸ್ಕೊಳ್ಳೋಕೆ ಮನೇಲಿ ಇನ್ನೊಬ್ಬ ಆದ" ಅಂದ. ಆಮೇಲೆ ಕೆಮ್ಮು ಬಂದವನಂತೆ ಎದ್ದು ಕಿಟಕಿಯ ಹತ್ತಿರ ಹೋದ. ಕೆಮ್ಮು ಬಂದಿರಲಿಲ್ಲ.

ಬೆಕ್ಕಿಗೆ ಕೊನೆಗೂ ಬಿಸಿ ಎಲ್ಲಿಂದ ಬರುತ್ತದೆಂದು ತಿಳಿಯಿತು. ಹಗಲೆಲ್ಲ ಎರಡನೆಯ ಗೆರೆಯ ಮೇಲೆ, ಹಿಮದ ಎರಡು ಗೋಡೆಗಳ ನಡುವೆ ಮಲಗುತ್ತದೆ. ದಾಟಿಕೊಂಡು ಹೋಗಬೇಕು, ಎಬ್ಬಿಸಿದರೆ ಪರಚುತ್ತದೆ.

ವರ್ನನ್‌ಗೆ ಊರಿನವರ ನಗು ತಡೆಯಲಾಗಲಿಲ್ಲ. ನಿನ್ನೆ ಬಂದು, ಹಿಮ ಕರಗಿದ ಮೇಲೆ ಎರಡೂ ಪೈಪುಗಳನ್ನು ಅಗೆದು ಕ್ಲೈಡನ ದಪ್ಪ ಪೈಪು ಹಾಕಿಕೊಡುತ್ತೇನೆ ಅಂದ. ಅಡುಗೆಮನೆಯದನ್ನು ಬದಲಾಯಿಸು ಅಂದೆ.

"ಇನ್ನೊಂದು?" ಅಂದ.

ಅದನ್ನು ಹಾಗೇ ಬಿಡು ಅಂದೆ. ನಿನ್ನ ಬಾಗಿಲಿನವರೆಗೆ ಹಿಮ ತೆಗೆಯುವ ಕೆಲಸ ತಪ್ಪುತ್ತದಲ್ಲ.

ತೈಮಿ